1851ರ ಕೋಲ್ಟ್ ನೇವಿ: ಬಿಡಿಭಾಗಗಳೆಲ್ಲ ಒಂದೇ ಪಿಸ್ತೂಲಿನವು ಎಂದು ತಿಳಿಯುವುದು ಹೇಗೆ?

ಪ್ರಶ್ನೆ – ತೀರ್ಥಹಳ್ಳಿಯವ

ನಮಸ್ಕಾರ. ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿಯನ್ನು ನೋಡುತ್ತ ಬೆಳೆದ ನನಗೆ ಹಳೆಯ ಆಯುಧಗಳಲ್ಲಿ ಆಸಕ್ತಿ ಇದೆ. ಈಗ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ್ದು, ಸಂಗ್ರಹಕ್ಕಾಗಿ 1851ರ ಮಾದರಿಯ ಕೋಲ್ಟ್ ನೇವಿ ರಿವಾಲ್ವರ್ ಒಂದನ್ನು ಕೊಳ್ಳುವ ಯೋಚನೆಯಲ್ಲಿದ್ದೇನೆ. ಬಿಡಿಭಾಗಗಳ ಮೇಲೆ ಒತ್ತಿರುವ ತಯಾರಿಕಾ ಸಂಖ್ಯೆಗಳೆಲ್ಲವೂ ಒಂದಕ್ಕೊಂದು ಹೊಂದುತ್ತವೆ ಎಂದು ಮಾರಾಟಗಾರರು ಹೇಳುತ್ತಾರೆ. ಆದರೆ ಅವರು ಕಳುಹಿಸಿದ ಚಿತ್ರಗಳಲ್ಲಿ ಫ್ರೇಮಿನ (ಪಿಸ್ತೂಲಿನ ನಡುವಣ ಚೌಕಟ್ಟು) ಮತ್ತು ಹಿಡಿಯ ತಳದ ಸಂಖ್ಯೆಗಳಷ್ಟೇ ಕಾಣುತ್ತವೆ. ಶನಿವಾರ ಅದನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶವಿದೆ. ಏನೇನು ನೋಡಬೇಕು?

ಉತ್ತರ – ಹಳೆಕಬ್ಬಿಣ

ಮೊದಲು ಸಿಲಿಂಡರಿನ (ಗುಂಡು ತುಂಬುವ, ತಿರುಗುವ ಉರುಳೆ) ಆರೂ ಕೋಣೆಗಳು ಖಾಲಿ ಇವೆಯೇ, ಅವುಗಳ ಹಿಂದಿನ ನಿಪ್ಪಲುಗಳ ಮೇಲೆ ಕೇಪು (ಮದ್ದಿಗೆ ಕಿಡಿ ಕೊಡುವ ಪುಟ್ಟ ಟೋಪಿ) ಉಳಿದಿಲ್ಲವೇ ಎಂದು ನೋಡಿ. ನೂರೈವತ್ತು ವರ್ಷಗಳ ಹಿಂದೆ ತುಂಬಿದ ಮದ್ದು ಹಾಗೆಯೇ ಉಳಿದಿರುವ ಪಿಸ್ತೂಲುಗಳು ಇಂದಿಗೂ ಸಿಗುತ್ತವೆ, ಆ ಮದ್ದು ಕೆಟ್ಟಿರುತ್ತದೆ ಎಂದು ನಂಬುವಂತಿಲ್ಲ.

ಅನಂತರ ಪಿಸ್ತೂಲನ್ನು ಮಗುಚಿ ಹಿಡಿಯಿರಿ. ನಳಿಕೆಯ ಬುಡದ ಅಡಿಭಾಗ, ಫ್ರೇಮಿನ ಅಡಿಭಾಗ, ಹಿತ್ತಾಳೆಯ ಟ್ರಿಗರ್ ಗಾರ್ಡ್ ಮತ್ತು ಹಿಡಿಯ ತಳ, ಈ ನಾಲ್ಕೂ ಕಡೆ ಪೂರ್ಣ ಸಂಖ್ಯೆ ಒಂದೇ ಸಾಲಿನಲ್ಲಿ ಎಂಬಂತೆ ಕಾಣಬೇಕು. ನಿಮಗೆ ಬಂದ ಚಿತ್ರಗಳಲ್ಲಿ ನಳಿಕೆ ಇಲ್ಲದಿರುವುದು ನನಗೆ ಅನುಮಾನ ಹುಟ್ಟಿಸುತ್ತದೆ, ಏಕೆಂದರೆ ನಳಿಕೆ ಮತ್ತು ಸಿಲಿಂಡರ್ ಸುಲಭವಾಗಿ ಬಿಚ್ಚಿಬರುವ ಭಾಗಗಳಾದ್ದರಿಂದ ಅದಲುಬದಲಾಗುವುದೂ ಅವೇ ಹೆಚ್ಚು. ಸಿಲಿಂಡರಿನ ಸಂಖ್ಯೆ ಅದರ ಹೊರಮೈಯಲ್ಲೇ ಇರುತ್ತದೆ. ಮಾರಾಟಗಾರರ ಒಪ್ಪಿಗೆ ಪಡೆದು ನಳಿಕೆಯನ್ನು ಹಿಡಿದಿಡುವ ಬೆಣೆಯನ್ನು ಬಲದಿಂದ ಎಡಕ್ಕೆ, ಮರದ ತುಂಡಿನಿಂದ ಮೆಲ್ಲನೆ ತಟ್ಟಿ ಹೊರಸರಿಸಿದರೆ ನಳಿಕೆ ಬಿಚ್ಚಿಬರುತ್ತದೆ. ಆಗ ಸಿಲಿಂಡರ್ ತಿರುಗುವ ಅಚ್ಚು, ಗುಂಡು ಒತ್ತುವ ಸನ್ನೆ ಮತ್ತು ಬೆಣೆಯ ಮೇಲಿನ ಸಂಖ್ಯೆಗಳನ್ನೂ ಓದಬಹುದು. ಈ ಚಿಕ್ಕ ಭಾಗಗಳ ಮೇಲೆ ಕೊನೆಯ ಕೆಲವು ಅಂಕಿಗಳಷ್ಟೇ ಇದ್ದರೆ ಅದು ದೋಷವಲ್ಲ. ಬಿಚ್ಚಲು ಒಪ್ಪದವರ ಬಳಿ "ಎಲ್ಲ ಹೊಂದುತ್ತದೆ" ಎಂಬ ಬೆಲೆಯನ್ನು ನಾನಂತೂ ಕೊಡುವುದಿಲ್ಲ.

ಉತ್ತರ – ಕೋವಿಮನೆ

ಸಂಖ್ಯೆ ಹೊಂದಿದ ಮಾತ್ರಕ್ಕೆ ಪರೀಕ್ಷೆ ಮುಗಿಯಲಿಲ್ಲ. ಹಳೆಯ ಸಂಖ್ಯೆಯನ್ನು ಅರದಿಂದ ಉಜ್ಜಿ ಹೊಸದನ್ನು ಒತ್ತುವವರಿದ್ದಾರೆ. ಕಾರ್ಖಾನೆಯಲ್ಲಿ ಸಂಖ್ಯೆ ಒತ್ತಿದ ಮೇಲೆ ಹೊಳಪು ಕೊಟ್ಟು ಬಣ್ಣ ಕಟ್ಟುತ್ತಿದ್ದರಿಂದ ಅಂಕಿಯ ಅಂಚುಗಳಲ್ಲಿ ಲೋಹ ಉಬ್ಬಿರುವುದಿಲ್ಲ. ಭೂತಗನ್ನಡಿಯಲ್ಲಿ ಅಂಕಿಗಳ ಗಾತ್ರ ಮತ್ತು ಆಕಾರವನ್ನು ಫ್ರೇಮಿನ ಅಂಕಿಗಳೊಡನೆ ಹೋಲಿಸಿ, ಸಂಖ್ಯೆಯ ಸುತ್ತ ಲೋಹ ತಗ್ಗಿದೆಯೇ ಎಂದು ಬೆರಳಾಡಿಸಿ ನೋಡಿ.

ಇದಕ್ಕಿಂತಲೂ ಮುಖ್ಯವಾದುದು ಸವೆತ. ಒಟ್ಟಿಗೆ ಬಾಳಿದ ಭಾಗಗಳು ಒಟ್ಟಿಗೇ ಸವೆದಿರುತ್ತವೆ. ಸಿಲಿಂಡರಿನ ಸುತ್ತ 1843ರ ಮೇ 16ರಂದು ಟೆಕ್ಸಾಸ್ ಮತ್ತು ಮೆಕ್ಸಿಕೊ ನೌಕಾಪಡೆಗಳ ನಡುವೆ ನಡೆದ ಕಾಳಗದ ಚಿತ್ರವಿದೆ. ಈ ಪಿಸ್ತೂಲಿಗೆ ನೇವಿ ಎಂಬ ಹೆಸರು ಬಂದದ್ದೂ ಅದರಿಂದಲೇ ಎನ್ನುತ್ತಾರೆ. ಎಂಟು ಮೂಲೆಯ ನಳಿಕೆಯ ಅಂಚುಗಳು ಹರಿತವಾಗಿದ್ದು ಸಿಲಿಂಡರಿನ ಹಡಗುಗಳು ಪೂರ್ತಿ ಅಳಿಸಿಹೋಗಿದ್ದರೆ, ಎರಡೂ ಒಂದೇ ಚರ್ಮದ ಚೀಲದಲ್ಲಿ ಬಾಳಿದವೆಂದು ನಂಬುವುದು ಕಷ್ಟ. ಇಟಲಿಯಲ್ಲಿ ಈಗಲೂ ತಯಾರಾಗುವ ನಕಲುಗಳ ಭಾಗಗಳೂ ಸೇರಿಕೊಂಡಿರಬಹುದು, ಸಿಡಿಸಿ ಪರೀಕ್ಷಿಸಿದ ಮೇಲೆ ಅಲ್ಲಿ ಒತ್ತುವ ಮುದ್ರೆಗಳನ್ನು ಉಜ್ಜಿದ ಗುರುತಿಗಾಗಿ ಹುಡುಕಿ.

ಒಂದು ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಬೆಣೆ ಕಳೆದುಹೋಗುವ ವಸ್ತು, ನಿಪ್ಪಲು ಸವೆದು ಬದಲಾಗುವ ವಸ್ತು. ಬೆಣೆಯ ಸಂಖ್ಯೆ ಬೇರೆ ಎಂಬ ಕಾರಣಕ್ಕೆ ಒಳ್ಳೆಯ ಪಿಸ್ತೂಲನ್ನು ಬಿಡಬೇಡಿ, ಬೆಲೆಯಲ್ಲಿ ಸ್ವಲ್ಪ ಕಡಿಮೆ ಮಾಡಿಸಿಕೊಳ್ಳಿ.

ಉತ್ತರ – ಹಳೆಕಬ್ಬಿಣ

ಬೆಣೆಯ ಮಾತನ್ನು ಒಪ್ಪುತ್ತೇನೆ. ಇನ್ನೊಂದು ಸಂಗತಿ: 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕುಗಳನ್ನು ಅಮೆರಿಕದ ಒಕ್ಕೂಟ ಕಾನೂನು ಪುರಾತನ ವಸ್ತುಗಳೆಂದು ಬೇರೆಯಾಗಿಯೇ ಕಾಣುತ್ತದೆ, ಆದರೆ ರಾಜ್ಯಗಳ ನಿಯಮ ಒಂದೇ ತೆರನಾಗಿಲ್ಲ. ಮುಂದೆ ಊರಿಗೆ ತರುವ ಆಸೆ ಇದ್ದರೆ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯನ್ನು ವಕೀಲರೊಬ್ಬರ ಬಳಿ ವಿಚಾರಿಸದೆ ಹೆಜ್ಜೆ ಇಡಬೇಡಿ.

ಪ್ರಶ್ನೆ ಕೇಳಿದವರು – ತೀರ್ಥಹಳ್ಳಿಯವ

ಇಬ್ಬರಿಗೂ ಧನ್ಯವಾದ. ಶನಿವಾರ ಹೋಗಿ ನೋಡಿದೆ. ನಳಿಕೆ, ಫ್ರೇಮ್, ಗಾರ್ಡ್, ಹಿಡಿ ನಾಲ್ಕೂ ಹೊಂದಿದವು, ಬೆಣೆಯ ಮೇಲೆ ಸಂಖ್ಯೆಯೇ ಇರಲಿಲ್ಲ. ಆದರೆ ಸಿಲಿಂಡರಿನ ಹಡಗುಗಳು ಬಹುಪಾಲು ಅಳಿಸಿಹೋಗಿದ್ದರೂ ಅದರ ಸಂಖ್ಯೆ ಮಾತ್ರ ನಿನ್ನೆ ಒತ್ತಿದಂತೆ ಚೂಪಾಗಿತ್ತು. ಅದನ್ನು ತೋರಿಸಿ, ಬಿಡಿಭಾಗ ಬೆರೆತ ಪಿಸ್ತೂಲಿನ ಬೆಲೆಗೆ ಕೊಡುವಿರಾ ಎಂದು ಕೇಳಿದೆ. ಅವರು ಒಪ್ಪಲಿಲ್ಲ, ನಾನು ಬರಿಗೈಯಲ್ಲಿ ಮರಳಿದೆ.