ಅಪ್‌ಡೇಟ್: ಹೆಡ್‌ಫೋನ್ ಪೇರಿಂಗ್ ಸರಿಹೋಯ್ತು, ತೊಂದರೆ ಇದ್ದದ್ದು ಯುಎಸ್‌ಬಿ 3.0 ಪೋರ್ಟ್ ಪಕ್ಕದಲ್ಲಿ

ವಿಂಡೋಸ್ 11 ಡೆಸ್ಕ್‌ಟಾಪ್‌ಗೆ ಬ್ಲೂಟೂತ್ ಡಾಂಗಲ್ (ಯುಎಸ್‌ಬಿ ಪೋರ್ಟಿಗೆ ಚುಚ್ಚುವ ಪುಟ್ಟ ಬ್ಲೂಟೂತ್ ಸಾಧನ) ಹಾಕಿದ್ರೆ ಹೆಡ್‌ಫೋನ್ ಲಿಸ್ಟಲ್ಲಿ ಬಂದು ಮಾಯ ಆಗುತ್ತೆ, ಪೇರ್ ಆದ್ರೂ ಮಧ್ಯೆ ಮಧ್ಯೆ ಕಟ್ ಆಗುತ್ತೆ ಅಂತ ಕೇಳಿದ್ದೆ. ಪೋರ್ಟ್ ಬದಲಿಸಿ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್, ನೀವು ಹೇಳಿದ್ದೇ ಸರಿ.

ಡ್ರೈವರ್‌ದೇನೂ ತಪ್ಪಿಲ್ಲ. ಡಾಂಗಲ್ ಹಿಂದುಗಡೆಯ ನೀಲಿ ಪೋರ್ಟಲ್ಲಿ, ಅಂದ್ರೆ ಯುಎಸ್‌ಬಿ 3.0ನಲ್ಲಿ ಇತ್ತು, ಅದಕ್ಕೆ ಅಂಟಿಕೊಂಡೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಯುಎಸ್‌ಬಿ 3.0ನಲ್ಲಿ ಡೇಟಾ ಓಡುವಾಗ ಕನೆಕ್ಟರ್ ಮತ್ತು ಕೇಬಲ್‌ನಿಂದ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೋ ಗದ್ದಲ ಹೊಮ್ಮುತ್ತೆ. ಬ್ಲೂಟೂತ್ ಕೆಲಸ ಮಾಡೋದೂ ಅಲ್ಲೇ. ಇಂಟೆಲ್ 2012ರಲ್ಲೇ ಇದನ್ನು ವಿವರವಾಗಿ ಬರೆದಿದೆ. ಪರೀಕ್ಷೆ ಸುಲಭ: ಹಾರ್ಡ್ ಡಿಸ್ಕ್‌ಗೆ ದೊಡ್ಡ ಫೈಲ್ ಕಾಪಿಗೆ ಹಾಕಿ. ಆಗ ಹಾಡು ತುಂಡು ತುಂಡಾಗಿ, ಕಾಪಿ ನಿಲ್ಲಿಸಿದ ಕೂಡಲೇ ಸರಿಹೋದ್ರೆ, ಕಾರಣ ಇದೇ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್.ಪಿ. ರೋಡಲ್ಲಿ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ಕೇಳಿ, ಒಂದು ಮೀಟರ್ ಧಾರಾಳ ಸಾಕು. ಅದನ್ನು ಕಪ್ಪು (ಯುಎಸ್‌ಬಿ 2.0) ಪೋರ್ಟಿಗೆ ಚುಚ್ಚಿ ಡಾಂಗಲ್ಲನ್ನು ಮೇಜಿನ ಮೇಲೆ ತನ್ನಿ. ಕ್ಯಾಬಿನೆಟ್ಟಿನ ತಗಡಿನ ಅಡ್ಡವೂ ತಪ್ಪುತ್ತೆ.

ಆಮೇಲೆ ಹಳೇ ಪೇರಿಂಗನ್ನು ಪಿಸಿ, ಹೆಡ್‌ಫೋನ್ ಎರಡರಲ್ಲೂ ಅಳಿಸಲೇಬೇಕು. ಒಂದು ಕಡೆ ಮಾತ್ರ ಅಳಿಸಿದ್ರೆ ಇನ್ನೊಂದು ಕಡೆ ಹಳೇ ಕೀ (ಎರಡೂ ಸಾಧನ ಪರಸ್ಪರ ಗುರುತಿಸಲು ಇಟ್ಟುಕೊಳ್ಳುವ ಗುಪ್ತ ಸಂಕೇತ) ಉಳಿದು ಕನೆಕ್ಷನ್ ನಿರಾಕರಿಸಬಹುದು. ಫೋನಿನ ಬ್ಲೂಟೂತ್ ಆಫ್ ಇರಲಿ, ಇಲ್ಲದಿದ್ರೆ ಹೆಡ್‌ಫೋನ್ ಆನ್ ಆದ ತಕ್ಷಣ ಅತ್ತ ಓಡುತ್ತೆ.

ಅಪಾರ್ಟ್‌ಮೆಂಟಲ್ಲಿರೋರು ವೈಫೈಯನ್ನೂ 5 ಗಿಗಾಹರ್ಟ್ಸ್‌ಗೆ ಹಾಕಿಕೊಳ್ಳಿ. ಅಕ್ಕಪಕ್ಕದ ರೌಟರ್‌ಗಳಿಂದ 2.4 ಮೊದಲೇ ಕಿಕ್ಕಿರಿದಿರುತ್ತೆ.