ಪ್ರಮೋಷನ್ ಕೊಡದವರು ಈಗ ‘ಇನ್‌ಕ್ಲೂಷನ್ ಲೀಡ್’ ಆಗಿ ಅಂತಿದ್ದಾರೆ, ಒಪ್ಪಬೇಕಾ?

ಕೊಟ್ಟಾರದಿಂದ (ಪ್ರಶ್ನೆ):
ನನಗೆ ಬಲಗಾಲಿಗೆ ಪೋಲಿಯೊ, ಕ್ಯಾಲಿಪರ್ ಹಾಕಿ ನಡೆಯುತ್ತೇನೆ. ಮಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಟೀಮ್ ಲೀಡ್ ಹುದ್ದೆ ಎರಡು ಸಲ ತಪ್ಪಿತು. ‘ಓಡಾಟ ಜಾಸ್ತಿ, ನಿಮಗೆ ಕಷ್ಟ’ ಅಂತ ಅವರೇ ತೀರ್ಮಾನಿಸಿದರು, ನನ್ನನ್ನು ಕೇಳಲೂ ಇಲ್ಲ. ಈಗ ಎಚ್‌ಆರ್‌ಗೆ ಬಂದು ಇನ್‌ಕ್ಲೂಷನ್ ಲೀಡ್ ಆಗಿ ಅಂತಿದ್ದಾರೆ. ಸಂಬಳ ಅಷ್ಟೇ. ಆದರೆ ನನ್ನಂಥವರನ್ನು ಕೆಲಸಕ್ಕೆ ಸೇರಿಸುವ ಕೆಲಸ ನನಗೆ ನಿಜಕ್ಕೂ ಇಷ್ಟ. ಈ ದಾರಿಯಲ್ಲಿ ಹೋದವರು ಹೇಳಿ.

ಮಣಿಪಾಲದಿಂದ:
ನಾನು ಒಪ್ಪಿಕೊಂಡವಳು. ವೀಲ್‌ಚೇರ್ ಬಳಸುತ್ತೇನೆ, ಒಂದು ದೊಡ್ಡ ಸಂಸ್ಥೆಯ ಅಕೌಂಟ್ಸ್‌ನಿಂದ ಈ ಹುದ್ದೆಗೆ ಬಂದೆ. ಕ್ಯಾಬಿನ್ ಕೊಟ್ಟರು, ಬಾಗಿಲಿಗೆ ಹೆಸರಿನ ಬೋರ್ಡ್ ಹಾಕಿದರು, ಕೆಲಸ ಮಾಡಿಸಲು ಬೇಕಾದ ದುಡ್ಡು ಮಾತ್ರ ಕೊಡಲಿಲ್ಲ. ಮೊದಲ ವರ್ಷ ಪೂರ್ತಿ ಒಂದು ರ‍್ಯಾಂಪ್‌ಗೆ ಹೋಯಿತು. 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಕಂಟ್ರಾಕ್ಟರ್ ಜಾಗ ಉಳಿಸಲಿಕ್ಕೆ 6 ಅಡಿಯಲ್ಲಿ ಮುಗಿಸಿದ, ಮೇಲೆ ನುಣುಪು ಟೈಲ್ಸ್. ಜೂನ್ ಮಳೆ ಹಿಡಿದದ್ದೇ ಪಾಚಿ ಕಟ್ಟಿತು. ಚಕ್ರ ಜಾರಿ ಹಿಂದಕ್ಕೆ ಉರುಳಿದೆ, ಎಡಗೈ ಮಣಿಕಟ್ಟು ಮುರಿಯಿತು. ಪ್ಲೇಟ್ ಹಾಕಿಸಿದ್ದು, ಫಿಸಿಯೋ, ದಿನಾ ರಿಕ್ಷಾ, ಎಲ್ಲ ಸೇರಿ 1,10,000 ರೂಪಾಯಿ. ಇನ್ಶೂರೆನ್ಸ್‌ನವರು ಕೊಟ್ಟದ್ದು 68,000. ಉಳಿದದ್ದಕ್ಕೆ ಅಮ್ಮನ ಬಳೆ ಅಡವಿಟ್ಟೆವು.

ಒಡೆದು ಮತ್ತೆ ಕಟ್ಟಿಸಲು ಫೈಲ್ ಟೇಬಲ್‌ನಿಂದ ಟೇಬಲ್‌ಗೆ ಅಲೆಯಿತು. ನಾನೂ ಅದರ ಹಿಂದೆ ಅಲೆದೆ. ಈಗ ಒರಟು ಕಲ್ಲಿನ ರ‍್ಯಾಂಪ್ ಉಂಟು, ಎರಡೂ ಬದಿ ಕೈಹಿಡಿ, ಮೇಲೆ ಶೀಟಿನ ಮಾಡು. ಬಸುರಿಯರು, ಪ್ರಾಯದವರು, ಪಾರ್ಸೆಲ್ ತರುವ ಹುಡುಗರು ಎಲ್ಲ ಅದರಲ್ಲೇ ಬರುತ್ತಾರೆ. ಅದು ನಾನು ಕಟ್ಟಿಸಿದ್ದು. ದುಡ್ಡಿನ ಮಾತು ಬರಹದಲ್ಲಿ ಬರುವ ತನಕ ಸಹಿ ಹಾಕಬೇಡಿ.

ಉಡುಪಿ, ಬ್ಯಾಂಕ್:
ಪ್ರೈವೇಟ್‌ನವರ ಬಾಗಿಲಲ್ಲಿ ಯಾಕೆ ನಿಲ್ಲಬೇಕು ಅಂತ ನನ್ನ ಪ್ರಶ್ನೆ. ಐದು ಬ್ಯಾಂಕ್ ಹುಟ್ಟಿದ ನೆಲ ನಮ್ಮದು. ನನಗೆ ಕಣ್ಣು ತುಂಬಾ ಮಂದ. ಸರ್ಕಾರಿ ಕೆಲಸದಲ್ಲಿ ಅಂಗವಿಕಲರಿಗಿರುವ 4% ಮೀಸಲಾತಿಯಲ್ಲಿ ದೃಷ್ಟಿದೋಷದವರಿಗೆ 1% ಉಂಟು, ಅದರಲ್ಲಿ ಬಂದೆ, ಅದನ್ನು ಹೇಳಲು ನಾಚಿಕೆಯಿಲ್ಲ. ಮೊದಲ ಬ್ರಾಂಚ್‌ನಲ್ಲಿ ಸುಮ್ನೆ ಕೂರಿಸಿದರು. ಸಂಬಳ ಬರುತ್ತದಲ್ಲ, ಇನ್ನೇನು ಬೇಕು ಅಂದರು. ಪರದೆ ಓದಿ ಹೇಳುವ ಎನ್‌ವಿಡಿಎ ಪುಕ್ಕಟೆ ಸಿಗುವ ಸಾಫ್ಟ್‌ವೇರ್. ಅದನ್ನು ಹಾಕಲು ಸೆಕ್ಯುರಿಟಿ ಹೆಸರಿನಲ್ಲಿ ತಿಂಗಳುಗಟ್ಟಲೆ ಬಿಡಲಿಲ್ಲ. ಹೆಡ್ಡಾಫೀಸಿಗೆ ಬರೆದು ಬರೆದು ಒಪ್ಪಿಗೆ ತಂದೆ. ಇವತ್ತು ಸಾಲದ ಫೈಲ್ ನಾನೇ ನೋಡುತ್ತೇನೆ, ಹೊಸಬರಿಗೆ ನಾನೇ ತರಬೇತಿ ಕೊಡುತ್ತೇನೆ. ಇನ್‌ಕ್ಲೂಷನ್ ಅನ್ನುವ ಬೋರ್ಡ್ ಇಲ್ಲದೆಯೇ! ನೀವು ಲೀಡ್ ಹುದ್ದೆಗೇ ಹೋರಾಡಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 20ನೇ ಸೆಕ್ಷನ್ ನೋಡಿ, ಅಂಗವೈಕಲ್ಯವನ್ನೇ ಕಾರಣ ಮಾಡಿ ಪ್ರಮೋಷನ್ ತಪ್ಪಿಸುವ ಹಾಗಿಲ್ಲ.

ಸುರತ್ಕಲ್‌ನಿಂದ:
ಉಡುಪಿಯವರೇ, ಅರ್ಧ ಹೇಳಿ ಜನರನ್ನು ದಾರಿ ತಪ್ಪಿಸಬೇಡಿ. 20ನೇ ಸೆಕ್ಷನ್ ಸರ್ಕಾರಿ ಸಂಸ್ಥೆಗಳಿಗೆ. ಇದನ್ನೇ ನಂಬಿ ನಾನು ಒಂದು ಪ್ರೈವೇಟ್ ಫ್ಯಾಕ್ಟರಿಗೆ ನೋಟಿಸ್ ಕೊಡಿಸಿದೆ. ವಕೀಲರ ಫೀಸ್ 15,000, ಟೈಪಿಂಗ್, ರಿಜಿಸ್ಟರ್ಡ್ ಪೋಸ್ಟ್, ಬೆಂಗಳೂರಿನ ಬಸ್ ಚಾರ್ಜು ಬೇರೆ. ಅವರ ವಕೀಲರು ಒಂದೇ ಸಾಲಿನಲ್ಲಿ ಉತ್ತರ ಕೊಟ್ಟರು.

ಪ್ರೈವೇಟ್‌ನವರನ್ನು ಹಿಡಿಯಬೇಕಾದ್ದು 21ನೇ ಸೆಕ್ಷನ್‌ನಲ್ಲಿ. ಸಮಾನ ಅವಕಾಶದ ಪಾಲಿಸಿ ಅವರಿಗೂ ಕಡ್ಡಾಯ, ಅದರ ಪ್ರತಿ ಅಂಗವಿಕಲರ ಕಮಿಷನರ್ ಹತ್ತಿರ ನೋಂದಣಿ ಆಗಬೇಕು. ಅದೇ ಕಾಯ್ದೆಯ 2017ರ ನಿಯಮದ ಪ್ರಕಾರ 20 ಜನಕ್ಕಿಂತ ಕಡಿಮೆಯಿಲ್ಲದ ಕಂಪನಿಗೆ, ಅಂಗವಿಕಲರ ನೇಮಕ, ಸೌಲಭ್ಯ ನೋಡಿಕೊಳ್ಳಲು ಒಬ್ಬ ಲೈಸನ್ ಆಫೀಸರ್ ಬೇಕು. ಕೊಟ್ಟಾರದವರೇ, ಆ ಖಾಲಿ ಕುರ್ಚಿಗೇ ಹೊಸ ಹೆಸರು ಕೊಟ್ಟು ನಿಮ್ಮನ್ನು ಕೂರಿಸುತ್ತಿದ್ದಾರಾ ನೋಡಿ. ಪಾಲಿಸಿ ತೋರಿಸಿ ಅನ್ನಿ. ಇದ್ದರೆ ಟ್ರಾನ್ಸ್‌ಫರ್, ತರಬೇತಿ, ವಿಶೇಷ ರಜೆ ಎಲ್ಲ ಅದರಲ್ಲಿ ಬರೆದಿರಬೇಕು.

ಉಡುಪಿ, ಬ್ಯಾಂಕ್:
ದಾರಿ ತಪ್ಪಿಸುವವನು ನಾನಲ್ಲ ಮಾರಾಯ್ರೆ. 3ನೇ ಸೆಕ್ಷನ್ ಎಲ್ಲರಿಗೂ ಸೇರಿ ತಾರತಮ್ಯ ಬೇಡ ಅನ್ನುತ್ತದೆ. ನಿಮ್ಮ ವಕೀಲರು ಅದನ್ನು ಯಾಕೆ ಹಾಕಲಿಲ್ಲ?

ಸುರತ್ಕಲ್‌ನಿಂದ:
ಖಾಯಂ ಕೆಲಸದಲ್ಲಿ ಕೂತು ಕೇಳುವುದು ಸುಲಭ. ನೋಟಿಸ್ ಹೋದ ತಿಂಗಳೇ ನನ್ನ ಕಾಂಟ್ರಾಕ್ಟ್ ಮುಗಿಸಿದರು. ಮನೆಯಲ್ಲಿ ಇಬ್ಬರು ಮಕ್ಕಳು.

ಬಿಜೈನಿಂದ:
ರ‍್ಯಾಂಪ್, ಸೆಕ್ಷನ್, ಮತ್ತೆ ರ‍್ಯಾಂಪ್. ಕಿವಿ ಕೇಳದವರ ಮಾತು ಇಲ್ಲೂ ಯಾರೂ ಎತ್ತಲಿಲ್ಲ. ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಉಂಟು, ಕಂಪನಿಗಳ ಫೋಟೋದಲ್ಲಿ ಬರುವುದು ವೀಲ್‌ಚೇರ್ ಒಂದೇ. ಮೀಟಿಂಗ್‌ನಲ್ಲಿ ಎಲ್ಲರೂ ನಗುವಾಗ ನಾನೂ ನಕ್ಕು, ಆಮೇಲೆ ಪಕ್ಕದವಳನ್ನು ‘ಎಂತ ಹೇಳಿದ್ರು’ ಅಂತ ಕೇಳುತ್ತಿದ್ದೆ. ಅವಳು ‘ಏನಿಲ್ಲ ಬಿಡು’ ಅನ್ನುತ್ತಿದ್ದಳು. ಸನ್ನೆಭಾಷೆಯ ಇಂಟರ್‌ಪ್ರಿಟರ್ ಕರೆಸಿ ಅಂದರೆ ಒಂದು ಗಂಟೆಗೆ ಇಷ್ಟು ದುಡ್ಡಾ ಅಂದರು. ಅದೇ ವಾರ ಆಫೀಸ್ ಪಾರ್ಟಿಗೆ ಡಿಜೆ ಬಂದ. ಬಿಟ್ಟು ಬಂದೆ. ಈಗ ಕಿವುಡ ಹುಡುಗಿಯರಿಗೆ ಡೇಟಾ ಎಂಟ್ರಿ, ಟ್ಯಾಲಿ ಕಲಿಸುತ್ತೇನೆ. ಬಾಡಿಗೆ 9,000, ಫೀಸ್ ಕೊಡುವವರು ಕಮ್ಮಿ. ಆದರೂ ಅವರು ಇಂಟರ್‌ವ್ಯೂಗೆ ಹೋಗುವಾಗ ನಾನೂ ಹೋಗಿ ಎದುರು ಕೂರುತ್ತೇನೆ.

ಮಣಿಪಾಲದಿಂದ:
ರ‍್ಯಾಂಪ್ ಅಂದರೆ ಸಣ್ಣ ವಿಷಯವಾ? ನನ್ನ ಕೈ ಇನ್ನೂ ಪೂರ್ತಿ ತಿರುಗುವುದಿಲ್ಲ. ನಿಮ್ಮ ನೋವು ನಿಮಗೆ ದೊಡ್ಡದು, ಒಪ್ಪುತ್ತೇನೆ. ನನ್ನದನ್ನು ಅಳೆಯಬೇಡಿ.

ಬಿಜೈನಿಂದ:
ಅಳೆಯಲಿಲ್ಲ. ಇಂಟರ್‌ಪ್ರಿಟರ್‌ಗೆ ನಿಮ್ಮ ಆಫೀಸಿನಲ್ಲಿ ಎಷ್ಟು ಖರ್ಚು ಮಾಡಿದ್ದೀರಿ, ಅದನ್ನು ಹೇಳಿ.

ಕಾಪುವಿನಿಂದ:
ಜಗಳ ಆಮೇಲೆ ಮಾಡಿ. ಸಂಬಳ ಅಷ್ಟೇ ಅಂದಿದ್ದಾರಲ್ಲ, ತೆರಿಗೆಯನ್ನಾದರೂ ನೋಡಿಕೊಳ್ಳಿ. ಅಂಗವೈಕಲ್ಯ 40% ಅಥವಾ ಅದರ ಮೇಲಿದ್ದರೆ ತೆರಿಗೆ ಹಾಕುವ ಆದಾಯದಲ್ಲಿ 75,000, 80% ಅಥವಾ ಅದರ ಮೇಲಿದ್ದರೆ 1,25,000 ರೂಪಾಯಿ ಕಡಿತ ಉಂಟು. ಹಳೇ ಪದ್ಧತಿಯಲ್ಲಿ ಮಾತ್ರ. ನಮ್ಮ ಎಚ್‌ಆರ್‌ನವರು ಕೇಳದೆ ಹೊಸದಕ್ಕೆ ಹಾಕಿ ನನಗೆ ವರ್ಷಪೂರ್ತಿ ಜಾಸ್ತಿ ತೆರಿಗೆ ಹಿಡಿದರು.

ಸುರತ್ಕಲ್‌ನಿಂದ:
ಹೊಸ ಪದ್ಧತಿಯಲ್ಲೂ ನಮ್ಮಂಥವರ ಓಡಾಟದ ಭತ್ಯೆಗೆ ತಿಂಗಳಿಗೆ ಒಂದು ಮಿತಿಯ ತನಕ ತೆರಿಗೆಯಿಲ್ಲ. ಅದು ಪೇ ಸ್ಲಿಪ್‌ನಲ್ಲಿ ಬೇರೆ ಸಾಲಾಗಿ ಬರಬೇಕು.

ಕೊಟ್ಟಾರದಿಂದ:
ಎಲ್ಲರಿಗೂ ನಮಸ್ಕಾರ. ಪಾಲಿಸಿಯ ಪ್ರತಿ ಕೊಡಿ ಅಂತ ಎಚ್‌ಆರ್‌ಗೆ ಮೇಲ್ ಹಾಕಿದೆ. ‘ರೆಡಿ ಆಗ್ತಾ ಉಂಟು, ನೀವು ಸೇರಿದ ಮೇಲೆ ನೀವೇ ಬರೆಯಿರಿ’ ಅಂದರು. ಹಾಗಾದರೆ ಬಜೆಟ್, ನೇಮಕದಲ್ಲಿ ಸಹಿ ಮಾಡುವ ಅಧಿಕಾರ, ಲೀಡ್ ದರ್ಜೆ, ಈ ಮೂರನ್ನೂ ಬರೆದು ಕೊಡಿ ಅಂದಿದ್ದೇನೆ. ಉತ್ತರ ಬಂದಿಲ್ಲ.

ಉಡುಪಿ, ಬ್ಯಾಂಕ್:
ಕೊಡುವುದಿಲ್ಲ, ನೋಡಿ ಬೇಕಾದರೆ.

ಮಣಿಪಾಲದಿಂದ:
ಕೊಡುತ್ತಾರೆ. ನನಗೂ ಕೊಡುವುದಿಲ್ಲ ಅಂತಲೇ ಹೇಳಿದ್ದರು. ಬಿಜೈಯವರೇ, ಇಂಟರ್‌ಪ್ರಿಟರ್ ಖರ್ಚು ಈ ವರ್ಷದ ಬಜೆಟ್‌ಗೆ ಸೇರಿಸಬೇಕು. ನಿಮ್ಮ ಗೊತ್ತಿನಲ್ಲಿ ಯಾರಿದ್ದಾರೆ, ಗಂಟೆಗೆ ಎಷ್ಟು ತೆಗೆದುಕೊಳ್ಳುತ್ತಾರೆ?