ಹಳೇ ಕೇರಿಯ ಮನೆ ಉಳಿಸಲು ಸಂಘ: ಮಾಡಿದವರು ಅನುಭವ ಹೇಳಿ

ಶಿರಸಿಯಿಂದ ಕೇಳುತ್ತಿದ್ದೇನೆ. ಮಾರಿಕಾಂಬಾ ದೇವಸ್ಥಾನಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಕೇರಿ. ಸಾಲು ಹೆಂಚಿನ ಮನೆಗಳು, ಬೀದಿಗೆ ಮುಖಮಾಡಿದ ಜಗಲಿಗಳು. ಎರಡು ವರ್ಷದಲ್ಲಿ ಮೂರು ಮನೆ ಕೆಡವಿದರು. ಉಳಿದವರು ಸೇರಿ ಸಂಘ ಮಾಡಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡುವುದು?

ಕುಮಟಾದಿಂದ:
ನಾವು ತಪ್ಪಿದ್ದು ಮೊದಲ ಹೆಜ್ಜೆಯಲ್ಲೇ. ಪಕ್ಕದ ಮನೆ ಕೆಡವಿ ಮೂರು ಅಂತಸ್ತು ಎಬ್ಬಿಸುತ್ತಾರೆಂದು ಗೊತ್ತಾದ ಕೂಡಲೇ ತಕರಾರು ಅರ್ಜಿ ಕೊಟ್ಟೆವು. ಅರ್ಜಿ ನಿಲ್ಲಲಿಲ್ಲ. ಆ ಮನೆಯವರು ಚೌತಿಗೆ ನಮ್ಮಲ್ಲಿಗೆ ಬರುವುದನ್ನೇ ಬಿಟ್ಟರು. ಆಮೇಲೆ ಅವರ ಹಿರಿಯರ ಹತ್ತಿರ ಕೂತು ಮಾತಾಡಿದಾಗ ತಿಳಿದದ್ದು: ಮನೆಗೆ ಐವರು ಅಣ್ಣತಮ್ಮಂದಿರ ಹಿಸ್ಸೆ, ಸೋರುವ ಮಾಡು, ಗೆದ್ದಲು ಹಿಡಿದ ಪಕಾಸು (ಮಾಡು ಹೊರುವ ಮರ). ಖರ್ಚು ಹೊರುವವರು ಯಾರೂ ಇಲ್ಲ. ಕೆಡವುವ ಆಸೆ ಅವರಲ್ಲಿ ಒಬ್ಬರಿಗೂ ಇರಲಿಲ್ಲ. ಅರ್ಜಿಗೆ ಮುಂಚೆ ಹೋಗಿ ಕೇಳಿದ್ದರೆ ಎಂಬ ಸಂಕಟ ನನಗೆ ಇನ್ನೂ ಇದೆ.

ಈಗ ಸಂಘದ ಮುಖ್ಯ ಕೆಲಸವೇ ಮಾಡಿನ ದುರಸ್ತಿ. ಪ್ರತಿ ಏಪ್ರಿಲ್‌ನಲ್ಲಿ ಒಂದೇ ತಂಡದವರನ್ನು ಗೊತ್ತುಮಾಡಿ ಕೇರಿಯ ಅಷ್ಟೂ ಮನೆಗಳ ಹೆಂಚು ಸಾಲಾಗಿ ಸರಿಪಡಿಸುತ್ತೇವೆ. ಬಿಡಿಬಿಡಿಯಾಗಿ ಕರೆದರೆ ಮಳೆಗಾಲದ ಮುಂಚೆ ಯಾರೂ ಸಿಗುವುದಿಲ್ಲ. ಕೆಡವಿದ ಮನೆಗಳ ಒಳ್ಳೆ ಹೆಂಚು, ರೀಪು ಒಬ್ಬರ ಕೊಟ್ಟಿಗೆಯಲ್ಲಿ ಪೇರಿಸಿಟ್ಟಿದ್ದೇವೆ, ಬೇಕಾದವರು ಒಯ್ಯುತ್ತಾರೆ. ಮುಂಬೈಯಲ್ಲಿರುವ ಹಿಸ್ಸೆದಾರರಿಗೆ ಫೋಟೊ, ಲೆಕ್ಕ ಕಳಿಸಿ ಹಣ ತರಿಸುವುದೂ ಸಂಘವೇ. ಅಣ್ಣ ಕೇಳಿದರೆ ಕೊಡದವರು ಸಂಘ ಕೇಳಿದರೆ ಕೊಡುತ್ತಾರೆ.

ಇನ್ನೊಂದು ಮಾತು. ಚಿರೆಕಲ್ಲಿನ ಗೋಡೆಗೆ ಸಿಮೆಂಟ್ ಗಿಲಾವು ಬೇಡವೇ ಬೇಡ. ನೆಲದಿಂದ ಏರಿದ ತೇವ ಸುಣ್ಣದ ಗಾರೆಯಲ್ಲಾದರೆ ಆರಿಹೋಗುತ್ತದೆ, ಸಿಮೆಂಟಿನ ಹಿಂದೆ ಉಳಿದು ಕಲ್ಲನ್ನೇ ಪುಡಿಮಾಡುತ್ತದೆ. ನಿಮ್ಮ ಮಾರಿಕಾಂಬೆಯ ಗುಡಿಯ ಕಾವಿ ಚಿತ್ರ ನೋಡಿದ್ದೀರಲ್ಲ, ಬಿಳಿ ಸುಣ್ಣದ ಮೇಲೆ ಕೆಮ್ಮಣ್ಣಿನ ಪದರ ಬಳಿದು ಹಸಿಯಿರುವಾಗಲೇ ಕೆರೆದು ತೆಗೆದದ್ದು. ಹಳೇ ಮನೆಗಳ ಡಿಸ್ಟೆಂಪರ್ ಅಡಿಯಲ್ಲೂ ಅಂಥದ್ದು ಇದ್ದೀತು. ಗೋಡೆ ಕೆತ್ತಿಸುವ ಮುಂಚೆ ದಯವಿಟ್ಟು ನೋಡಿ.

ಭಟ್ಕಳದಿಂದ:
ಹತ್ತಿರ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಇದೆಯೇ, ಮೊದಲು ತಿಳಿದುಕೊಳ್ಳಿ. ನಮ್ಮಲ್ಲಿ ಖೇತಪೈ ನಾರಾಯಣ ದೇವಸ್ಥಾನ ಅಂಥದ್ದು. ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಲು ಅನುಮತಿ ಬೇಕು. ಆದರೆ ದುರಸ್ತಿಗೂ ಅನುಮತಿ ಬೇಕೆಂಬುದನ್ನು ಮನೆಯವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಸಿಟ್ಟು ಸಂಘದ ಮೇಲೆ ಬರುತ್ತದೆ.

ಕಾರವಾರದಿಂದ:
ನೋಂದಣಿ 1960ರ ಸಂಘಗಳ ಕಾಯ್ದೆಯಡಿ, ಕನಿಷ್ಠ 7 ಜನ ಸಾಕು. ಬಾಡಿಗೆಗಿರುವವರನ್ನೂ ಸೇರಿಸಿಕೊಳ್ಳಿ; ಜಗಲಿಯಲ್ಲಿ ನಿತ್ಯ ಕೂರುವವರು ಅವರೇ. ಕಟ್ಟಡ ಪರವಾನಗಿಯ ಪ್ರತಿ ನಗರಸಭೆಯಿಂದ ಮಾಹಿತಿ ಹಕ್ಕಿನಲ್ಲಿ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು.

ಶಿರಸಿಯಿಂದ:
ಎಲ್ಲರಿಗೂ ಧನ್ಯವಾದ. ನಾವೂ ತಕರಾರು ಅರ್ಜಿಯನ್ನೇ ಬರೆದಿಟ್ಟಿದ್ದೆವು, ಸದ್ಯ ಕೊಡುವುದಿಲ್ಲ. ಈ ಭಾನುವಾರ ಮನೆಮನೆಗೆ ಹೋಗುತ್ತೇವೆ. ಕುಮಟಾದವರೇ, ಸುಣ್ಣದ ಗಾರೆ ಗೊತ್ತಿರುವ ಮೇಸ್ತ್ರಿ ನಿಮ್ಮಲ್ಲಿ ಇದ್ದಾರೆಯೇ? ಇಲ್ಲಿಗೆ ಬರುತ್ತಾರೆಯೇ?